ಚೀಲದಲ್ಲಿ ಹಿಡಿಯುವ ಹ್ಯಾಮಂಡ್ ಆರ್ಗನ್

ತಿರುಗುವ ಚಕ್ರಗಳಿಂದ ದನಿ ಹುಟ್ಟಿಸುವ ವಿದ್ಯುತ್ ವಾದ್ಯವಾದ ಹ್ಯಾಮಂಡ್ ಆರ್ಗನ್ನಿನ ದನಿಯನ್ನು ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ ಹೊರಡಿಸುವುದು ಇಂದು ದೊಡ್ಡ ಸಾಹಸವೇನಲ್ಲ. ಆ ದನಿ ಹ್ಯಾಮಂಡ್ ಆರ್ಗನ್ನಿನ ಹಾಗೆಯೇ ನಡೆದುಕೊಳ್ಳಬೇಕು ಎಂದಾಗ ಮಾತ್ರ ಕೆಲಸ ಕಠಿಣವಾಗುತ್ತದೆ. ಒಂದೇ ಒಂದು ಕೀಯನ್ನು ಒತ್ತಿ ಹಿಡಿದು ಕೇಳಿದರೆ ಯಾವ ಸಾಧಾರಣ ಕೀಬೋರ್ಡಿನ ಆರ್ಗನ್ ದನಿಯೂ ತಕ್ಕಮಟ್ಟಿಗೆ ಸರಿಯೆಂದೇ ತೋರುತ್ತದೆ. ಎರಡನೆಯ ಕೀ ಸೇರಿದಾಗ, ನುಡಿಸುತ್ತಿರುವಂತೆಯೇ ದನಿಯ ಬೆರಕೆ ಬದಲಿಸುವ ಎಳೆಪಟ್ಟಿಯನ್ನು, ಅಂದರೆ ಡ್ರಾಬಾರನ್ನು ಎಳೆದಾಗ, ಸುತ್ತುವ ಸ್ಪೀಕರಿನ ವೇಗ ಬದಲಿಸಿದಾಗ ಅದರ ಬಣ್ಣ ಬಯಲಾಗುತ್ತದೆ. ಹಲವು ವರ್ಷಗಳಿಂದ ನಾನು ಇಂಥ ಒಂದು ಪೆಟ್ಟಿಗೆಯನ್ನು, ಅಂದರೆ ಮಾಡ್ಯೂಲನ್ನು ಬಳಸುತ್ತಿದ್ದೇನೆ. ಅದಕ್ಕೆ ತನ್ನದೇ ಕೀಗಳಿಲ್ಲ. ಮೇಲ್ಭಾಗದಲ್ಲಿ ಒಂಬತ್ತು ಡ್ರಾಬಾರ್‌ಗಳು, ಪರ್ಕಶನ್‌ಗೆ ನಾಲ್ಕು ಸ್ವಿಚ್ಚುಗಳು, ವೈಬ್ರಾಟೊ ಆರಿಸುವ ಒಂದು ತಿರುಗುಗುಂಡಿ, ಹಿಂಬದಿಯಲ್ಲಿ ಹೊರಗಿನ ಕೀಬೋರ್ಡಿನ ಸಂದೇಶಗಳನ್ನು ತರುವ ಮಿಡಿ ಕೇಬಲ್ ಸಿಕ್ಕಿಸುವ ಕಿಂಡಿ ಮತ್ತು ಎರಡು ಔಟ್‌ಪುಟ್‌ಗಳು, ಇಷ್ಟೇ ಅದರ ಸಂಸಾರ. ಒಂದು ಕೈಯಲ್ಲಿ ಎತ್ತಿ ಚೀಲದೊಳಗೆ ಇಳಿಸಬಹುದಾದ ಈ ಪೆಟ್ಟಿಗೆ ಅನುಕರಿಸಬೇಕಾಗಿರುವ ಯಂತ್ರವಾದರೋ ಪೀಠ ಮತ್ತು ಪಾದದ ಕೀಗಳೊಂದಿಗೆ ಸುಮಾರು 190 ಕಿಲೋ ತೂಗುತ್ತದೆ, ಮತ್ತು ಅದರ ಪಕ್ಕದಲ್ಲಿ ಸುತ್ತುವ ಸ್ಪೀಕರಿನ, ಸೊಂಟದೆತ್ತರದ ಇನ್ನೊಂದು ಮರದ ಪೆಟ್ಟಿಗೆ ನಿಂತಿರಲೇಬೇಕು.

ಮಾಡ್ಯೂಲಿನ ಗುಣದೋಷಗಳನ್ನು ತೂಗಿ ನೋಡಬೇಕಾದರೆ ಮೊದಲು ಮೂಲ ಯಂತ್ರದ ಒಳಗು ತಿಳಿದಿರಬೇಕು. ಅಮೆರಿಕದ ಲಾರೆನ್ಸ್ ಹ್ಯಾಮಂಡ್ ವೃತ್ತಿಯಿಂದ ಎಂಜಿನಿಯರ್. ಆರ್ಗನ್ನಿಗೆ ಕೈಹಾಕುವ ಮೊದಲು ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದವನು. ಗಡಿಯಾರವನ್ನು ನಡೆಸುವ ಸಿಂಕ್ರೊನಸ್ ಮೋಟಾರು ವಿದ್ಯುತ್ ಪೂರೈಕೆಯ ಆವರ್ತನಕ್ಕೆ ಬಿಗಿಯಾಗಿ ಅಂಟಿಕೊಂಡು ಒಂದೇ ವೇಗದಲ್ಲಿ ತಿರುಗುತ್ತದೆ. ಅದೇ ಮೋಟಾರಿಗೆ ಹಲ್ಲಿನ ಗಾಲಿಗಳನ್ನು ಜೋಡಿಸಿ ಶ್ರುತಿ ತಪ್ಪದ ವಾದ್ಯವೊಂದನ್ನು ಕಟ್ಟಿದ್ದು ಅವನ ಜಾಣ್ಮೆ. 1934ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು, 1935ರಲ್ಲಿ ಮೊದಲ ಮಾದರಿ ಮಾರುಕಟ್ಟೆಗೆ ಬಂತು. ಇಂದಿನ ಮಾಡ್ಯೂಲುಗಳೆಲ್ಲ ಆದರ್ಶವಾಗಿ ಇರಿಸಿಕೊಂಡಿರುವ ಬಿ-3 ಮಾದರಿ 1950ರ ದಶಕದ ನಡುವಿನಲ್ಲಿ ಹುಟ್ಟಿ 1970ರ ದಶಕದ ನಡುವಿನವರೆಗೆ ತಯಾರಾಯಿತು.

ಇದರೊಳಗೆ ಸದ್ದು ಹುಟ್ಟುವ ಬಗೆ ಸರಳವಾದದ್ದು. ನಾಣ್ಯಕ್ಕಿಂತ ತುಸು ದೊಡ್ಡದಾದ ಉಕ್ಕಿನ ಚಕ್ರ, ಅದರ ಅಂಚಿನಲ್ಲಿ ಅಲೆಯಾಕಾರದ ಹಲ್ಲುಗಳು, ಎದುರಿಗೆ ತಂತಿ ಸುತ್ತಿದ ಅಯಸ್ಕಾಂತದ ಕಡ್ಡಿ. ಚಕ್ರ ತಿರುಗಿದಂತೆ ಪ್ರತಿ ಹಲ್ಲೂ ಕಡ್ಡಿಯ ತುದಿಯನ್ನು ಹಾದುಹೋಗುತ್ತದೆ, ಕಾಂತಕ್ಷೇತ್ರ ಏರಿ ಇಳಿಯುತ್ತದೆ, ಸುರುಳಿಯಲ್ಲಿ ಅದೇ ಲಯದ ವಿದ್ಯುತ್ ಹುಟ್ಟುತ್ತದೆ. ಇಂಥ 91 ಟೋನ್‌ವೀಲ್‌ಗಳು ಬಿ-3ರಲ್ಲಿ ದನಿ ಕೊಡುತ್ತವೆ. ಲೆಕ್ಕ ಹಾಕಿ ನೋಡುವವರಿಗೆ ಇದರಲ್ಲಿ ಒಂದು ಸೊಗಸಿದೆ: 60 ಹರ್ಟ್ಸಿನ ವಿದ್ಯುತ್ತಿನಲ್ಲಿ ಮೋಟಾರು ಸೆಕೆಂಡಿಗೆ 20 ಸುತ್ತು ತಿರುಗುತ್ತದೆ, 88 ಹಾಗೂ 64 ಹಲ್ಲುಗಳ ಗಾಲಿಜೋಡಿಯ ಮೂಲಕ ಆ ವೇಗ 27.5 ಸುತ್ತಿಗೆ ಏರುತ್ತದೆ. ಅಲ್ಲಿ 16 ಹಲ್ಲಿನ ಚಕ್ರವನ್ನು ಕೂರಿಸಿದರೆ ಸರಿಯಾಗಿ 440 ಹರ್ಟ್ಸಿನ ಎ ಸ್ವರ ದೊರೆಯುತ್ತದೆ. ಉಳಿದ ಹನ್ನೊಂದು ಸ್ವರಗಳಿಗೆ ಇಷ್ಟು ಅಚ್ಚುಕಟ್ಟಾದ ಅನುಪಾತ ಸಿಗುವುದಿಲ್ಲ. ಸಿ ಸ್ವರಕ್ಕೆ 85 ಮತ್ತು 104 ಹಲ್ಲುಗಳ ಜೋಡಿ. ಅದರಿಂದ ಬರುವ ನಡು ಸ್ಥಾಯಿಯ ಸಿ 261.54 ಹರ್ಟ್ಸ್, ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದಾಗ ಬರಬೇಕಾದದ್ದು 261.63. ಈ ಕೂದಲೆಳೆಯ ವ್ಯತ್ಯಾಸ ಕಿವಿಗೆ ಬೇಸುರಾಗಿ ಕೇಳುವುದಿಲ್ಲ, ಆದರೆ ಎರಡು ಮೂರು ಸ್ವರ ಒಟ್ಟಿಗೆ ನುಡಿಸಿದಾಗ ಅವುಗಳ ನಡುವೆ ಎದ್ದೇಳುವ ನಿಧಾನದ ಮಿಡಿತಕ್ಕೆ ಅದೂ ಕಾರಣ. ಒಳ್ಳೆಯ ಮಾಡ್ಯೂಲುಗಳು ಗಣಿತದ ಶುದ್ಧ ಶ್ರುತಿಯನ್ನು ಬಿಟ್ಟು ಈ ಗಾಲಿಗಳ ಅನುಪಾತವನ್ನೇ ಉಳಿಸಿಕೊಳ್ಳುತ್ತವೆ. (60 ಹರ್ಟ್ಸಿಗೆಂದು ಕಟ್ಟಿದ ಯಂತ್ರವನ್ನು ಹಾಗೆಯೇ 50 ಹರ್ಟ್ಸಿನ ವಿದ್ಯುತ್ತಿಗೆ ಜೋಡಿಸಿದರೆ ಇಡೀ ಆರ್ಗನ್ನಿನ ಶ್ರುತಿ ಮೂರು ಅರ್ಧಸ್ವರಕ್ಕಿಂತಲೂ ಹೆಚ್ಚು ಕೆಳಗಿಳಿಯುತ್ತದೆ. ಮಾಡ್ಯೂಲಿಗೆ ಈ ತಲೆನೋವಿಲ್ಲ.)

ಡ್ರಾಬಾರ್‌ಗಳು ಮಾಡುವ ಕೆಲಸವನ್ನು ಕರ್ನಾಟಕ ಸಂಗೀತದ ಸ್ವರಗಳ ಹೆಸರಿನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಒತ್ತಿದ ಕೀಯ ಸ್ವರವನ್ನು ಷಡ್ಜವೆಂದು ಇಟ್ಟುಕೊಳ್ಳೋಣ. 8 ಅಡಿ ಎಂದು ಬರೆದಿರುವ ಡ್ರಾಬಾರ್ ಆ ಷಡ್ಜವನ್ನೇ ಕೊಡುತ್ತದೆ. 16 ಅಡಿಯದು ಕೆಳ ಸ್ಥಾಯಿಯ ಷಡ್ಜ, 5⅓ ಅಡಿಯದು ಪಂಚಮ, 4 ಅಡಿಯದು ಮೇಲಿನ ಷಡ್ಜ, 2⅔ ಅದರ ಪಂಚಮ, 2 ಇನ್ನೂ ಮೇಲಿನ ಷಡ್ಜ, 1⅗ ಅಂತರ ಗಾಂಧಾರ, 1⅓ ಮತ್ತೆ ಪಂಚಮ, ಕೊನೆಯ 1 ಅಡಿಯದು ಎಲ್ಲಕ್ಕಿಂತ ಮೇಲಿನ ಷಡ್ಜ. ಪ್ರತಿಯೊಂದನ್ನೂ ಸೊನ್ನೆಯಿಂದ ಎಂಟರವರೆಗೆ ಎಳೆಯಬಹುದು. ತಂಬೂರಿಯ ಮಂದ್ರ ತಂತಿಯಿಂದ ತಾನಾಗಿಯೇ ಹೊಮ್ಮುವ ಗಾಂಧಾರವನ್ನು ಬಲ್ಲವರು ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು: ಹ್ಯಾಮಂಡ್ ತನ್ನ ಗಾಂಧಾರಕ್ಕಾಗಿ ಬೇರೆ ಚಕ್ರವನ್ನು ಇಟ್ಟಿಲ್ಲ. ಮೇಲಿನ ಸ್ಥಾಯಿಯಲ್ಲಿ ಇನ್ನಾವುದೋ ಕೀಗಾಗಿ ಇರುವ ಚಕ್ರದಿಂದಲೇ ಅದನ್ನು ಎರವಲು ಪಡೆಯುತ್ತಾನೆ, ಹೀಗಾಗಿ ಅದು ಸಹಜ ಗಾಂಧಾರಕ್ಕಿಂತ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಏರಿರುತ್ತದೆ. ಹ್ಯಾಮಂಡಿನ ತುಂಬುದನಿಯಲ್ಲಿ ಕೇಳುವ ಆ ಸಣ್ಣ ಕಿರಿಕಿರಿಯ ಮೂಲ ಇದು, ಅದನ್ನು ಸರಿಪಡಿಸಿದ ದನಿ ನನ್ನ ಕಿವಿಗೆ ಪೇಲವವೆನಿಸುತ್ತದೆ.

ಈ ಎರವಲಿನ ವ್ಯವಹಾರವೇ ಅನುಕರಣೆಯ ನಿಜವಾದ ಪರೀಕ್ಷೆ. ಸಿ ಮತ್ತು ಅದರ ಪಂಚಮವಾದ ಜಿ ಕೀಗಳನ್ನು ಒಟ್ಟಿಗೆ ಒತ್ತಿದೆವೆನ್ನಿ. ಸಿ ಕೀಯ 5⅓ ಅಡಿಯ ಡ್ರಾಬಾರೂ ಜಿ ಕೀಯ 8 ಅಡಿಯ ಡ್ರಾಬಾರೂ ಕೇಳುವುದು ಒಂದೇ ಚಕ್ರವನ್ನು. ಒಂದೇ ಚಕ್ರಕ್ಕೆ ಇಬ್ಬರು ಕೈಯೊಡ್ಡಿದಾಗ ಸದ್ದು ಲೆಕ್ಕದಂತೆ ಇಮ್ಮಡಿಯಾಗುವುದಿಲ್ಲ, ತುಸು ಕಡಿಮೆಯೇ ಸಿಗುತ್ತದೆ. ಆದ್ದರಿಂದಲೇ ಹತ್ತು ಬೆರಳಿನಲ್ಲಿ ಒತ್ತಿದ ದೊಡ್ಡ ಸ್ವರಮೇಳವೂ ಕಿವಿಗೆ ರಾಚದೆ ತನ್ನನ್ನು ತಾನೇ ಹದಕ್ಕೆ ತಂದುಕೊಳ್ಳುತ್ತದೆ. ಒಂದೊಂದು ಕೀಯ ದನಿಯನ್ನೂ ಪ್ರತ್ಯೇಕವಾಗಿ ಧ್ವನಿಮುದ್ರಿಸಿ ಇಟ್ಟುಕೊಳ್ಳುವ ಸ್ಯಾಂಪಲ್ ಪದ್ಧತಿ ಸೋಲುವುದು ಇಲ್ಲಿ. ಎರಡು ಸ್ಯಾಂಪಲ್‌ಗಳಲ್ಲಿರುವ ಒಂದೇ ಸ್ವರದ ಅಲೆಗಳು ಕೆಲವೊಮ್ಮೆ ಕೂಡಿಕೊಂಡು ಅಬ್ಬರಿಸುತ್ತವೆ, ಕೆಲವೊಮ್ಮೆ ಒಂದನ್ನೊಂದು ಅಳಿಸಿಹಾಕುತ್ತವೆ, ಮತ್ತು ಯಾವಾಗ ಏನಾಗುತ್ತದೆ ಎಂಬುದು ನುಡಿಸುವವನ ಕೈಯಲ್ಲಿರುವುದಿಲ್ಲ. ಅದೂ ಅಲ್ಲದೆ, ಒಂಬತ್ತು ಡ್ರಾಬಾರ್‌ಗಳಿಗೆ ತಲಾ ಒಂಬತ್ತು ನಿಲುವುಗಳೆಂದರೆ 38 ಕೋಟಿಗೂ ಮೀರಿದ ಜೋಡಣೆಗಳಾಗುತ್ತವೆ. ಯಾರು ಎಷ್ಟನ್ನು ಮುದ್ರಿಸಿಡಬಲ್ಲರು? ಇಂದಿನ ಒಳ್ಳೆಯ ಮಾಡ್ಯೂಲುಗಳು ಹಿಡಿದಿರುವ ದಾರಿ ಬೇರೆ. ಅವುಗಳೊಳಗಿನ ಪ್ರೊಸೆಸರ್ 91 ಅಲೆಗಳನ್ನು ಎಡೆಬಿಡದೆ ಹುಟ್ಟಿಸುತ್ತಲೇ ಇರುತ್ತದೆ, ಕೀ ಒತ್ತುವುದೆಂದರೆ ಆಗಲೇ ಹರಿಯುತ್ತಿರುವ ಅಲೆಗೆ ಬಾಗಿಲು ತೆರೆದಂತೆ. ಮೂಲ ಯಂತ್ರವೂ ಹಾಗೆಯೇ: ಯಾರೂ ನುಡಿಸದಿದ್ದರೂ ಅದರ ಚಕ್ರಗಳೆಲ್ಲ ತಿರುಗುತ್ತಲೇ ಇರುತ್ತವೆ.

ತಿರುಗುವ ಚಕ್ರಗಳು ಒತ್ತೊತ್ತಾಗಿ ಕುಳಿತಿರುವುದರಿಂದ ಒಂದರ ದನಿ ಪಕ್ಕದ ಸುರುಳಿಗೆ ಸೋರುತ್ತದೆ. ನೀವು ಒಂದು ಸ್ವರವನ್ನು ಕೇಳುತ್ತಿರುವಾಗ ಅದರ ಹಿಂದೆ ಸಂಬಂಧವಿಲ್ಲದ ಹಲವು ಸ್ವರಗಳು ತೀರ ಮೆಲ್ಲಗೆ ಗುಂಯ್‌ಗುಡುತ್ತಿರುತ್ತವೆ. ಬಹುತೇಕ ಮಾಡ್ಯೂಲುಗಳಲ್ಲಿ ಈ ಸೋರಿಕೆಯನ್ನು ಹೆಚ್ಚು ಕಡಿಮೆ ಮಾಡುವ ಅವಕಾಶವಿದೆ. ಅದನ್ನು ಪೂರ್ತಿ ಸೊನ್ನೆಗೆ ಇಳಿಸಿ ಒಮ್ಮೆ ಕೇಳಿ, ಬಳಿಕ ಕಾಲುಭಾಗಕ್ಕೆ ಏರಿಸಿ ಕೇಳಿ. ಮೊದಲನೆಯದು ಪ್ರಯೋಗಶಾಲೆಯ ಉಪಕರಣದಂತೆಯೂ ಎರಡನೆಯದು ವಾದ್ಯದಂತೆಯೂ ಕೇಳುತ್ತದೆ. ಅರ್ಧಕ್ಕಿಂತ ಮೇಲೆ ಏರಿಸಿದರೆ ಮಾತ್ರ ರಿಪೇರಿಗೆ ಬಂದ ಯಂತ್ರದಂತಾಗುತ್ತದೆ, ಅಂಥ ದನಿಯನ್ನು ಮೆಚ್ಚುವವರೂ ಇದ್ದಾರೆನ್ನಿ.

ಕೀ ಒತ್ತಿದ ಕ್ಷಣದಲ್ಲಿ ಕೇಳುವ ‘ಟಕ್’ ಎಂಬ ಸದ್ದಿನದೂ ಇದೇ ಕಥೆ. ಬಿ-3ರ ಪ್ರತಿ ಕೀಯ ಕೆಳಗೆ ಒಂಬತ್ತು ಲೋಹದ ಸಂಪರ್ಕಗಳಿವೆ, 61 ಕೀಗಳ ಒಂದು ಸಾಲಿಗೆ 549. ಬೆರಳು ಎಷ್ಟೇ ಚುರುಕಾಗಿ ಒತ್ತಿದರೂ ಈ ಒಂಬತ್ತೂ ಒಂದೇ ಕ್ಷಣಕ್ಕೆ ಕೂಡುವುದಿಲ್ಲ, ಒಂದರ ಹಿಂದೆ ಒಂದರಂತೆ ಕೂಡುತ್ತವೆ. ಹರಿಯುತ್ತಿರುವ ಅಲೆಯನ್ನು ನಡುವೆ ಎಲ್ಲಿಯೋ ಹಿಡಿದುಕೊಂಡಾಗ ಹುಟ್ಟುವ ಚಿಟಿಕೆಯಂಥ ಸದ್ದೇ ಕೀ ಕ್ಲಿಕ್. ಕಂಪನಿಯ ಎಂಜಿನಿಯರುಗಳ ಪಾಲಿಗೆ ಇದು ಅಡಗಿಸಬೇಕಾದ ದೋಷವಾಗಿತ್ತು. ಜಾಝ್ ಮತ್ತು ರಾಕ್ ನುಡಿಸುವವರಿಗೋ ತಾಳವನ್ನು ಖಚಿತವಾಗಿ ಹಿಡಿದುಕೊಡುವ ಗುಣವಾಗಿ ಅದು ಒದಗಿತು. ಮಾಡ್ಯೂಲಿನ ಕ್ಲಿಕ್ ಹೇಗಿದೆಯೆಂದು ತಿಳಿಯಲು ಒಂದೇ ಕೀಯನ್ನು ಬೇಗ ಬೇಗ ಹಲವು ಬಾರಿ ಒತ್ತಿ ನೋಡುವುದು ನನ್ನ ರೂಢಿ. ಪ್ರತಿ ಸಲವೂ ಅಚ್ಚು ಹೊಡೆದಂತೆ ಒಂದೇ ಸದ್ದು ಬಂದರೆ ಅದು ಮೇಲಿನಿಂದ ಅಂಟಿಸಿದ ಕ್ಲಿಕ್. ಒಂದರಂತೆ ಇನ್ನೊಂದಿಲ್ಲದೆ, ಕೆಳ ಸ್ವರಗಳಲ್ಲಿ ಮಂದವಾಗಿ ಮೇಲಿನ ಸ್ವರಗಳಲ್ಲಿ ಹರಿತವಾಗಿ ಬಂದರೆ ಯಾರೋ ಕೂತು ಆಲೋಚಿಸಿ ಮಾಡಿದ್ದಾರೆಂದು ತಿಳಿಯಬೇಕು.

ಪರ್ಕಶನ್ ಎಂಬುದು ಇದಕ್ಕಿಂತಲೂ ಸೂಕ್ಷ್ಮ. ಕೀ ಒತ್ತಿದಾಗ ಎರಡನೆಯ ಅಥವಾ ಮೂರನೆಯ ಹಾರ್ಮೋನಿಕ್ಕಿನ (ಅಂದರೆ ಮೇಲಿನ ಷಡ್ಜದ ಇಲ್ಲವೇ ಅದರ ಪಂಚಮದ) ಸ್ವರವೊಂದು ಟಿಣ್ಣೆಂದು ಎದ್ದು ಕೂಡಲೇ ಇಳಿದುಹೋಗುತ್ತದೆ. ಅದು ಮೆಲ್ಲಗಿರಬೇಕೋ ಜೋರಾಗಿರಬೇಕೋ, ಬೇಗ ಇಳಿಯಬೇಕೋ ನಿಧಾನವಾಗಿಯೋ ಎಂಬುದನ್ನು ಸ್ವಿಚ್ಚುಗಳಿಂದ ತೀರ್ಮಾನಿಸಬಹುದು. ಆದರೆ ಇಡೀ ಕೀಬೋರ್ಡಿಗೆ ಇರುವುದು ಒಂದೇ ಪರ್ಕಶನ್ ಸರ್ಕ್ಯೂಟ್. ಹಿಡಿದಿರುವ ಕೀಗಳನ್ನೆಲ್ಲ ಬಿಟ್ಟ ಮೇಲೆಯೇ ಅದು ಮತ್ತೆ ಮಿಡಿಯಲು ಸಿದ್ಧವಾಗುವುದು. ಒಂದು ಕೀಯನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಜಾರಿದರೆ ಆ ಎರಡನೆಯ ಸ್ವರಕ್ಕೆ ‘ಟಿಣ್’ ಇರುವುದಿಲ್ಲ. ಈ ಮಿತಿಯನ್ನು ನುಡಿಸುವವರು ವ್ಯಾಕರಣವಾಗಿ ಮಾಡಿಕೊಂಡರು: ಬಿಡಿಬಿಡಿಯಾಗಿ ನುಡಿಸಿದರೆ ಪ್ರತಿ ಸ್ವರಕ್ಕೂ ಒತ್ತು, ಕೂಡಿಸಿ ನುಡಿಸಿದರೆ ಪದಪುಂಜದ ಮೊದಲ ಸ್ವರಕ್ಕೆ ಮಾತ್ರ. ಇನ್ನೂ ಒಂದು ವಿಚಿತ್ರವಿದೆ. ಪರ್ಕಶನ್ನನ್ನು ಮಿಡಿಸುವ ಸಂಪರ್ಕಕ್ಕಾಗಿ ಹ್ಯಾಮಂಡ್ ಒಂಬತ್ತನೆಯ ಡ್ರಾಬಾರಿನ ಸಂಪರ್ಕವನ್ನೇ ಬಳಸಿಕೊಂಡದ್ದರಿಂದ, ಪರ್ಕಶನ್ ಹಾಕಿದೊಡನೆ 1 ಅಡಿಯ ಡ್ರಾಬಾರ್ ಮೂಕವಾಗುತ್ತದೆ. ಮಾಡ್ಯೂಲಿನಲ್ಲಿ ಇದನ್ನು ಪಾಲಿಸಲು ಯಾವ ತಾಂತ್ರಿಕ ಅಗತ್ಯವೂ ಇಲ್ಲ, ಆದರೂ ಒಳ್ಳೆಯವು ಪಾಲಿಸುತ್ತವೆ. ಹೊಸತಾಗಿ ಕೊಂಡವರು ಡ್ರಾಬಾರ್ ಕೆಟ್ಟಿದೆಯೆಂದು ಗಾಬರಿಯಾಗುವುದೂ ಉಂಟು.

ಮೇಲಿನ ಸ್ವರಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಚಕ್ರಗಳು 6 ಸಾವಿರ ಹರ್ಟ್ಸಿಗೆ ತುಸು ಕೆಳಗೇ ಮುಗಿದುಹೋಗುತ್ತವೆ. ಕೀಬೋರ್ಡಿನ ಬಲತುದಿಯಲ್ಲಿ ಎತ್ತರದ ಡ್ರಾಬಾರ್‌ಗಳು ಕೇಳುವ ಸ್ವರಗಳಿಗೆ ಚಕ್ರಗಳೇ ಇಲ್ಲದ ಕಾರಣ, ಅವು ಒಂದು ಸ್ಥಾಯಿ ಕೆಳಗಿನ ಚಕ್ರಗಳಿಗೆ ಮಡಚಿಕೊಳ್ಳುತ್ತವೆ. ಹಾಗಾಗಿ ಮೇಲಕ್ಕೆ ಹೋದಂತೆ ದನಿ ಕೀರಲಾಗದೆ ಮೈತುಂಬಿಕೊಂಡೇ ಇರುತ್ತದೆ. ಈ ಮಡಿಕೆ ಇಲ್ಲದ ಅನುಕರಣೆಯನ್ನು ಕೊನೆಯ ಸ್ಥಾಯಿಯಲ್ಲಿ ನಾಲ್ಕು ಸ್ವರ ನುಡಿಸಿದರೆ ಸಾಕು, ಪತ್ತೆ ಹಚ್ಚಬಹುದು. ವೈಬ್ರಾಟೊ ಮತ್ತು ಕೋರಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ದನಿಯನ್ನು ಹಂತಹಂತವಾಗಿ ತಡಮಾಡುವ ಸರ್ಕ್ಯೂಟೊಂದರ ಉದ್ದಕ್ಕೂ ತಿರುಗುವ ಸ್ಕ್ಯಾನರ್ ಸೆಕೆಂಡಿಗೆ ಸುಮಾರು ಏಳು ಬಾರಿ ಹೋಗಿ ಬರುತ್ತದೆ, ಅದರಿಂದ ಶ್ರುತಿ ಅಲುಗುತ್ತದೆ, ಇರುವ ಆರು ಆಯ್ಕೆಗಳಲ್ಲಿ ಸಿ-3 ಎಂಬ ಕೋರಸ್ ಒಂದನ್ನೇ ನಾನು ಬಹುಪಾಲು ಬಳಸುತ್ತೇನೆ.

ಇಷ್ಟೆಲ್ಲ ಸರಿಯಿದ್ದರೂ ಸುತ್ತುವ ಸ್ಪೀಕರಾದ ಲೆಸ್ಲಿ ಸರಿಯಿಲ್ಲದಿದ್ದರೆ ಎಲ್ಲ ವ್ಯರ್ಥ. ಡೊನಾಲ್ಡ್ ಲೆಸ್ಲಿ ಹ್ಯಾಮಂಡ್ ಕಂಪನಿಯವನಲ್ಲ. ವಿಶಾಲವಾದ ಸಭಾಂಗಣದಲ್ಲಿ ಭವ್ಯವಾಗಿ ಕೇಳುವ ಆರ್ಗನ್ ಮನೆಯ ಕೋಣೆಯಲ್ಲಿ ಸಪ್ಪೆಯಾಗುವುದನ್ನು ಕಂಡು, ಸ್ಪೀಕರಿನ ದನಿಯನ್ನೇ ಕೋಣೆಯ ಸುತ್ತ ತಿರುಗಿಸಿದರೆ ಹೇಗೆಂದು ಯೋಚಿಸಿ, 1940ರ ದಶಕದ ಆರಂಭದಲ್ಲಿ ತನ್ನ ಪೆಟ್ಟಿಗೆಯನ್ನು ಮಾರಲಾರಂಭಿಸಿದ. ಹ್ಯಾಮಂಡ್ ಕಂಪನಿ ಅದನ್ನು ದಶಕಗಳ ಕಾಲ ಹತ್ತಿರ ಸೇರಿಸಲಿಲ್ಲ. ಲೆಸ್ಲಿ ಎಂಬ ಹೆಸರು ಹ್ಯಾಮಂಡಿನ ಸೂರಿನಡಿ ಬಂದದ್ದು 1980ರಲ್ಲಿ. ಅಷ್ಟು ಹೊತ್ತಿಗೆ ಕೇಳುಗರ ಕಿವಿಯಲ್ಲಿ ಎರಡೂ ಬಿಡಿಸಲಾಗದಂತೆ ಒಂದಾಗಿಬಿಟ್ಟಿದ್ದವು.

ಲೆಸ್ಲಿ 122ರ ಒಳಗೆ 40 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಇದೆ. ಅದರಿಂದ ಹೊರಟ ದನಿ 800 ಹರ್ಟ್ಸಿನಲ್ಲಿ ಎರಡಾಗಿ ಸೀಳಿ, ಮೇಲಿನ ಭಾಗ ತಿರುಗುವ ಹಾರ್ನಿಗೂ ಕೆಳಗಿನ ಭಾಗ ತಿರುಗುವ ಡ್ರಮ್ಮಿಗೂ ಹೋಗುತ್ತದೆ. ಹಾರ್ನಿಗೆ ಎರಡು ಬಾಯಿಗಳಿರುವಂತೆ ಕಂಡರೂ ಸದ್ದು ಬರುವುದು ಒಂದರಿಂದಲೇ. ಇನ್ನೊಂದು ತೂಕ ಸರಿದೂಗಿಸಲು ಇಟ್ಟದ್ದು. ಬಾಯಿ ನಮ್ಮತ್ತ ಬರುವಾಗ ಶ್ರುತಿ ಏರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ, ಜೊತೆಗೆ ಸದ್ದಿನ ಮಟ್ಟವೂ ಬಣ್ಣವೂ ಬದಲಾಗುತ್ತವೆ. ನಿಧಾನಗತಿಯಲ್ಲಿ ನಿಮಿಷಕ್ಕೆ 50ರ ಆಸುಪಾಸು ಸುತ್ತು, ವೇಗದಲ್ಲಿ ಸುಮಾರು 400. ಡ್ರಮ್ ಹಾರ್ನಿಗಿಂತ ತುಸು ನಿಧಾನ, ಮತ್ತು ತಿರುಗುವುದು ವಿರುದ್ಧ ದಿಕ್ಕಿನಲ್ಲಿ. ಹಗುರವಾದ ಹಾರ್ನ್ ಒಂದು ಸೆಕೆಂಡಿನ ಆಸುಪಾಸಿನಲ್ಲಿ ವೇಗ ಹಿಡಿದರೆ, ಭಾರವಾದ ಡ್ರಮ್ಮಿಗೆ ಹಲವು ಸೆಕೆಂಡುಗಳೇ ಬೇಕು. ಈ ನಡುವಿನ ಅವಧಿಯಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿರುತ್ತವೆ, ಮತ್ತು ನಿಜವಾದ ಸಂಗೀತವೆಲ್ಲ ನಡೆಯುವುದು ಅಲ್ಲಿಯೇ. ಅಗ್ಗದ ಅನುಕರಣೆಗಳು ಎರಡನ್ನೂ ಒಟ್ಟಿಗೆ ಏರಿಸಿ ಒಟ್ಟಿಗೆ ಇಳಿಸುವುದರಿಂದ ಲೆಸ್ಲಿ ಬದಲು ಸದ್ದು ಬರಿದೇ ಏರಿಳಿಯುವ ಸಾಮಾನ್ಯ ಟ್ರೆಮೊಲೊ ಕೇಳಿದಂತಾಗುತ್ತದೆ.

ನನ್ನ ಮಾಡ್ಯೂಲಿನಲ್ಲಿ ನಾನು ಹೆಚ್ಚು ಸಮಯ ಕಳೆದದ್ದು ಲೆಸ್ಲಿಯ ಈ ಹೊಂದಿಕೆಗಳಲ್ಲಿಯೇ. ಡ್ರಮ್ಮಿನ ವೇಗ ಏರುವ ಅವಧಿಯನ್ನು ಕಾರ್ಖಾನೆಯ ಹೊಂದಿಕೆಗಿಂತ ಉದ್ದ ಮಾಡಿದ್ದೇನೆ, ಹಾರ್ನಿನದನ್ನು ಮುಟ್ಟಿಲ್ಲ. ಲೆಸ್ಲಿಯನ್ನು ಕೇಳುವ ಕಾಲ್ಪನಿಕ ಮೈಕುಗಳನ್ನು ಪೆಟ್ಟಿಗೆಗೆ ತೀರ ಹತ್ತಿರವಿದ್ದಂತೆ ಇಟ್ಟರೆ ದನಿ ಕತ್ತರಿಸಿದಂತೆ ಬಂದು ಹೋಗುತ್ತದೆ. ಸ್ವಲ್ಪ ದೂರ ಸರಿಸಿದಾಗ ತಿರುಗುವಿಕೆ ನುಣುಪಾಗುತ್ತದೆ. ಕೇಳುಗರ ಮುಂದೆ ಒಂದೇ ಸ್ಪೀಕರಿನಲ್ಲಿ ನುಡಿಸಬೇಕಾದಾಗ ಎಡ ಬಲ ಎರಡೂ ಔಟ್‌ಪುಟ್‌ಗಳನ್ನು ಒಂದುಗೂಡಿಸುವುದನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ಎಡಗಡೆ ಶ್ರುತಿ ಏರುತ್ತಿರುವ ಹೊತ್ತಿಗೆ ಬಲಗಡೆ ಇಳಿಯುತ್ತಿರುತ್ತದೆ, ಎರಡೂ ಬೆರೆತಾಗ ಚಲನೆಯ ಬಹುಪಾಲು ಕರಗಿ ಏನೋ ಮಸುಕಾದ ಕಲಕು ಮಾತ್ರ ಉಳಿಯುತ್ತದೆ. ಅದರ ಬದಲು ಮಾಡ್ಯೂಲಿನ ಮೊನೊ ಆಯ್ಕೆಯನ್ನು, ಅದಿಲ್ಲದಿದ್ದರೆ ಒಂದೇ ಬದಿಯ ಔಟ್‌ಪುಟ್ಟನ್ನು ಬಳಸುವುದು ಲೇಸು. ಇನ್ನೊಂದು ಮಾತು ಡಿಸ್ಟಾರ್ಷನ್ ಕುರಿತು. ಮೂಲದಲ್ಲಿ ವಾಲ್ವ್ ಆಂಪ್ಲಿಫೈಯರ್ ಮೊದಲು ದನಿಯನ್ನು ಒರಟಾಗಿಸುತ್ತದೆ, ಒರಟಾದ ಆ ದನಿಯನ್ನು ಹಾರ್ನ್ ಆಮೇಲೆ ತಿರುಗಿಸುತ್ತದೆ. ಮಾಡ್ಯೂಲಿನಿಂದ ಹೊರಬಂದ ಮೇಲೆ ಗಿಟಾರಿನ ಡಿಸ್ಟಾರ್ಷನ್ ಪೆಡಲನ್ನು ಸಿಕ್ಕಿಸಿದರೆ ಈ ಅನುಕ್ರಮ ತಲೆಕೆಳಗಾಗುತ್ತದೆ, ಸದ್ದಿನ ಏರಿಳಿತವೆಲ್ಲ ಚಪ್ಪಟೆಯಾಗಿ ಲೆಸ್ಲಿಯೇ ಮಾಯವಾಗುತ್ತದೆ. ಹೊರಗಿನ ಪೆಡಲೇ ಬೇಕೆನ್ನುವವರು ಮಾಡ್ಯೂಲಿನ ಒಳಗಿನ ಲೆಸ್ಲಿಯನ್ನು ಆಫ್ ಮಾಡಿ, ಡಿಸ್ಟಾರ್ಷನ್ ಆದ ಮೇಲೆ ಪ್ರತ್ಯೇಕವಾದ ಲೆಸ್ಲಿ ಪೆಡಲೊಂದನ್ನು ಇಡಬೇಕು. ನಿಯೊ ವೆಂಟಿಲೇಟರ್ ಎಂಬ ಪೆಡಲ್ ಹೆಸರು ಮಾಡಿದ್ದು ಇಂಥ ಕೆಲಸಕ್ಕಾಗಿಯೇ. ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್ ಹ್ಯಾಮಂಡನ್ನು ಮಾರ್ಷಲ್ ಗಿಟಾರ್ ಆಂಪ್ಲಿಫೈಯರಿಗೇ ಹಾಯಿಸಿ ಬೇರೊಂದು ದನಿಯನ್ನು ಕಂಡುಕೊಂಡದ್ದುಂಟು, ಅದು ಬೇಕಾದರೆ ತಿರುಗುವ ಸ್ಪೀಕರನ್ನು ಆಫ್ ಮಾಡಿಬಿಡುವುದೇ ಸರಿ.

ಮಾಡ್ಯೂಲಿಗೆ ತನ್ನ ಕೀಗಳಿಲ್ಲವಾದ್ದರಿಂದ ಅದಕ್ಕೆ ಜೋಡಿಸುವ ಕೀಬೋರ್ಡಿನ ಆಯ್ಕೆ ಮಾಡ್ಯೂಲಿನ ಆಯ್ಕೆಯಷ್ಟೇ ಮುಖ್ಯ. ಸಾಮಾನ್ಯ ಕೀಬೋರ್ಡುಗಳಲ್ಲಿ ಒಂದು ಕೀಗೆ ಎರಡು ಸಂಪರ್ಕಗಳಿರುತ್ತವೆ. ಒಂದನ್ನು ದಾಟಿ ಇನ್ನೊಂದನ್ನು ಮುಟ್ಟಲು ತಗಲಿದ ಸಮಯದಿಂದ ಒತ್ತಿನ ಬಲವನ್ನು ಅಳೆದು, ಕೀ ಬಹುಪಾಲು ಕೆಳಗೆ ಹೋದ ಮೇಲೆಯೇ ಸ್ವರವನ್ನು ಕಳುಹಿಸುತ್ತವೆ. ಹ್ಯಾಮಂಡಿನಲ್ಲಿ ಬೆರಳು ಕೀಯನ್ನು ತುಸು ಅದುಮಿದರೆ ಸಾಕು, ದನಿ ಬಂದೇಬಿಡುತ್ತದೆ, ಮತ್ತು ಮೆಲ್ಲಗೆ ಒತ್ತಿದರೂ ಗುದ್ದಿದರೂ ಅದರ ಮಟ್ಟ ಒಂದೇ. ಮೊದಲ ಸಂಪರ್ಕದಲ್ಲಿಯೇ ಸ್ವರ ಕಳುಹಿಸುವ ವ್ಯವಸ್ಥೆ ಕೆಲವು ಕೀಬೋರ್ಡುಗಳಲ್ಲಿದೆ. ಇದ್ದರೆ ಅದನ್ನೇ ಆರಿಸಿಕೊಳ್ಳಬೇಕು. ಅಂಗೈಯನ್ನು ಕೀಗಳ ಮೇಲೆ ಜಾರಿಸುವ ಆರ್ಗನ್ನಿನ ವರಸೆಗೆ ಮುಂದಂಚು ಚೂಪಾಗಿರದೆ ಗುಂಡಗಿರುವ ಕೀಗಳು ಬೇಕು, ಪಿಯಾನೊದಂತೆ ಭಾರವಾದ ಕೀಗಳಲ್ಲಿ ಅದನ್ನು ಪ್ರಯತ್ನಿಸಿದರೆ ಕೈ ನೋಯುವುದೊಂದೇ ಲಾಭ.

ಮಿಡಿ ಕೇಬಲ್ಲಿಗೂ ಒಂದು ಮಿತಿಯಿದೆ. ಸೆಕೆಂಡಿಗೆ 31,250 ಬಿಟ್‌ಗಳ ವೇಗದಲ್ಲಿ ಮೂರು ಬೈಟಿನ ಒಂದು ಸ್ವರಸಂದೇಶ ಸಾಗಲು ಸುಮಾರು ಒಂದು ಮಿಲಿಸೆಕೆಂಡ್ ಹಿಡಿಯುತ್ತದೆ. ಹತ್ತು ಬೆರಳಿನ ಸ್ವರಮೇಳದ ಕೊನೆಯ ಸ್ವರ ಮೊದಲನೆಯದಕ್ಕಿಂತ ಅದರ ಸುಮಾರು ಒಂಬತ್ತು ಪಟ್ಟು ತಡವಾಗಿ ತಲುಪುತ್ತದೆ, ಅದೇ ಹೊತ್ತಿಗೆ ಡ್ರಾಬಾರನ್ನೂ ಎಳೆದರೆ ಆ ಸಂದೇಶಗಳೂ ಅದೇ ಸಾಲಿನಲ್ಲಿ ನಿಲ್ಲಬೇಕು. ಡ್ರಾಬಾರ್‌ಗಳು ಮಾಡ್ಯೂಲಿನ ಮೈಮೇಲೆಯೇ ಇರಬೇಕೆಂದು ನಾನು ಹೇಳುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಇನ್ನೂ ದೊಡ್ಡದು: ಪರದೆಯ ಮೇಲೆ ಸಂಖ್ಯೆ ಬದಲಿಸುತ್ತ ಕೂರುವವನು ಆರ್ಗನ್ ನುಡಿಸುತ್ತಿಲ್ಲ. ಒಂದು ಸ್ವರವನ್ನು ಹಿಡಿದುಕೊಂಡೇ ಎಡಗೈಯಿಂದ ನಾಲ್ಕನೆಯ ಡ್ರಾಬಾರನ್ನು ಮೆಲ್ಲನೆ ಹೊರಗೆಳೆಯುವಾಗ ದನಿ ಬಾಯಿ ತೆರೆಯುತ್ತಾ ಹೋಗುವ ಅನುಭವಕ್ಕಾಗಿಯೇ ಈ ವಾದ್ಯ ಇರುವುದು.

ಪಾದದ ವಿಷಯದಲ್ಲಿ ನನ್ನ ಏರ್ಪಾಡು ಸರಳವಾಗಿದೆ. ಆರ್ಗನ್ನಿನಲ್ಲಿ, ಕೀ ಬಿಟ್ಟರೂ ಸ್ವರ ಉಳಿಸುವ ಸಸ್ಟೇನ್ ಪೆಡಲಿಗೆ ಕೆಲಸವಿಲ್ಲ, ಕೀ ಬಿಟ್ಟ ಕೂಡಲೇ ಸ್ವರ ನಿಲ್ಲುತ್ತದೆ, ಸ್ವರಗಳನ್ನು ಬೆಸೆಯಬೇಕಾದರೆ ಹಿಡಿದಿರುವ ಕೀಯ ಮೇಲೆಯೇ ಬೆರಳು ಬದಲಿಸುವುದನ್ನು ಕಲಿಯಬೇಕು. ಆದ್ದರಿಂದ ಕೀಬೋರ್ಡಿನ ಸಸ್ಟೇನ್ ಪೆಡಲನ್ನು ಲೆಸ್ಲಿಯ ವೇಗ ಬದಲಿಸುವ ಸ್ವಿಚ್ಚಾಗಿ ಹೊಂದಿಸಿಕೊಂಡಿದ್ದೇನೆ. ಬಲಪಾದ ಸದ್ದಿನ ಮಟ್ಟ ಏರಿಳಿಸುವ ಎಕ್ಸ್‌ಪ್ರೆಶನ್ ಪೆಡಲಿನಿಂದ ಏಳುವುದೇ ಇಲ್ಲ. ಒತ್ತಿನ ಬಲಕ್ಕೆ ಬೆಲೆಯಿಲ್ಲದ ವಾದ್ಯದಲ್ಲಿ ಭಾವವೆಲ್ಲ ಆ ಪೆಡಲಿನಲ್ಲಿದೆ. ಮೂಲ ಯಂತ್ರದಲ್ಲಿ ಅದು ಸದ್ದನ್ನು ಇಳಿಸಿದಾಗ ಕೆಳಸ್ವರಗಳು ಪೂರ್ತಿ ಸೊರಗದಂತೆ ನಾದದ ಬಣ್ಣವನ್ನೂ ತಿದ್ದುತ್ತದೆ, ಮಾಡ್ಯೂಲಿನ ಪೆಡಲೂ ಹಾಗೆ ಮಾಡುವಂತಿದ್ದರೆ ಒಳ್ಳೆಯದು. ಅದಿಲ್ಲದಿದ್ದರೆ ಪೆಡಲನ್ನು ಪೂರ್ತಿ ಹಿಂದಕ್ಕೆ ತಂದಾಗಲೂ ಸದ್ದು ಪೂರ್ತಿ ಆರದಂತೆ ಕನಿಷ್ಠ ಮಟ್ಟವೊಂದನ್ನು ಇಟ್ಟುಕೊಳ್ಳುವುದು ಜಾಣತನ.

ಡ್ರಾಬಾರ್‌ಗಳ ಜೋಡಣೆಯಲ್ಲಿ ನಾನು ಹೆಚ್ಚು ಅಲೆದಾಡುವವನಲ್ಲ. ಜಿಮ್ಮಿ ಸ್ಮಿತ್ ಜಾಝಿನಲ್ಲಿ ರೂಢಿಗೆ ತಂದ ದನಿ ಮೊದಲ ಮೂರನ್ನು ಪೂರ್ತಿ ಎಳೆದು ಉಳಿದವನ್ನು ಒಳಗಿಟ್ಟು, ಮೂರನೆಯ ಹಾರ್ಮೋನಿಕ್ಕಿನ ಪರ್ಕಶನ್ ಮತ್ತು ಸಿ-3 ಕೋರಸ್ ಸೇರಿಸಿದಾಗ ಬರುತ್ತದೆ. ಯಾವ ಮಾಡ್ಯೂಲನ್ನು ಕೈಗೆತ್ತಿಕೊಂಡರೂ ನಾನು ಮೊದಲು ಕೇಳುವುದು ಇದನ್ನೇ. ಒಂಬತ್ತನ್ನೂ ಹೊರಗೆಳೆದು ಲೆಸ್ಲಿಯನ್ನು ವೇಗಕ್ಕೆ ಹಾಕುವುದು ಹಾಡಿನ ತುತ್ತತುದಿಗೆ ಮಾತ್ರ ಸಲ್ಲುತ್ತದೆ. ಮೊದಲನೆಯದನ್ನೂ ಕೊನೆಯ ಮೂರನ್ನೂ ಎಳೆದು ನಡುವನ್ನು ಖಾಲಿ ಬಿಟ್ಟರೆ ಕೆಳಗೆ ಗುಂಗು, ಮೇಲೆ ಸಿಳ್ಳೆಯಂಥ ಮಿಂಚು ಬರುತ್ತದೆ. ಹಾಡುವವರ ದನಿಗೆ ನಡುವೆ ಜಾಗ ಬಿಟ್ಟುಕೊಡುವುದರಿಂದ ನಿಧಾನದ ಹಾಡುಗಳಿಗೆ ನನಗದು ಬಲು ಇಷ್ಟ.

ಹಲವು ಮಾಡ್ಯೂಲುಗಳು ಹ್ಯಾಮಂಡಿನ ಜೊತೆಗೆ 1960ರ ದಶಕದ ಟ್ರಾನ್ಸಿಸ್ಟರ್ ಆರ್ಗನ್ನುಗಳನ್ನೂ ಕೊಡುತ್ತವೆ. 1962ರ ವಾಕ್ಸ್ ಕಾಂಟಿನೆಂಟಲ್ ಮತ್ತು ಅದರ ಬೆನ್ನಿಗೇ ಬಂದ ಫಾರ್ಫಿಸಾ ಕಾಂಪ್ಯಾಕ್ಟ್ ಹೊತ್ತೊಯ್ಯಲೆಂದೇ ತಯಾರಾದ ವಾದ್ಯಗಳು. ಅವುಗಳಲ್ಲಿ ತಿರುಗುವ ಚಕ್ರಗಳಿಲ್ಲ, ಮೇಲಿನ ಸ್ಥಾಯಿಯ ಹನ್ನೆರಡು ಸ್ವರಗಳನ್ನು ಹುಟ್ಟಿಸಿ ಅವನ್ನೇ ಎರಡರಿಂದ ಭಾಗಿಸುತ್ತಾ ಕೆಳಗಿಳಿಯುವ ಸರ್ಕ್ಯೂಟುಗಳಿವೆ. ಇವುಗಳ ತೆಳು ಮೊನಚು ದನಿಯನ್ನು ಅನುಕರಿಸುವುದು ಹೋಲಿಕೆಯಲ್ಲಿ ಸುಲಭ, ಸಿಕ್ಕ ಫಲಿತಾಂಶವೂ ಚೆನ್ನಾಗಿಯೇ ಇರುತ್ತದೆ. ‘ಪೈಪ್ ಆರ್ಗನ್’ ಎಂದು ಹೆಸರಿಟ್ಟ ದನಿಗಳನ್ನು ನಾನು ಬಳಸುವುದಿಲ್ಲ, ಒಂಬತ್ತು ಡ್ರಾಬಾರಿಗೆ ದಕ್ಕುವ ವಾದ್ಯ ಅದಲ್ಲ.

ಪೈಪ್ ಆರ್ಗನ್ನಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹ್ಯಾಮಂಡ್ ತಾನೇ ಒಂದು ಅನುಕರಣೆಯಾಗಿ ಹುಟ್ಟಿದ ಯಂತ್ರ. ಚರ್ಚುಗಳ ಕೊಳವೆಯ ಆರ್ಗನ್ನಿಗೆ ಅಗ್ಗದ ಬದಲಿಯಾಗಿ ಅದನ್ನು ಮಾರಲಾಯಿತು. ಜಾಹೀರಾತಿನ ಹೇಳಿಕೆಗಳು ಅತಿಯಾದವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಕ್ಷೇಪಿಸಿದಾಗ, ಶಿಕಾಗೊ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದಲ್ಲಿ ನಿಜವಾದ ಪೈಪ್ ಆರ್ಗನ್ನನ್ನೂ ಹ್ಯಾಮಂಡನ್ನೂ ಮರೆಯಲ್ಲಿ ನುಡಿಸಿ, ಯಾವುದು ಯಾವುದೆಂದು ಕೇಳುಗರಿಂದ ಹೇಳಿಸುವ ಪರೀಕ್ಷೆಯೂ ನಡೆಯಿತು. ಕೇಳುಗರ ಊಹೆಗಳಲ್ಲಿ ಗಣನೀಯ ಪಾಲು ತಪ್ಪಾಗಿತ್ತು, ಆದರೂ 1938ರಲ್ಲಿ ಕಮಿಷನ್ ಕೆಲವು ಹೇಳಿಕೆಗಳನ್ನು ಕೈಬಿಡುವಂತೆ ಆದೇಶಿಸಿತು. ಕೊಳವೆಯ ಆರ್ಗನ್ನಿನಂತೆ ಕೇಳದಂತೆ ಮಾಡಿದ ಕ್ಲಿಕ್ಕು, ಸೋರಿಕೆ, ಒರಟುತನಗಳನ್ನೇ ಇಂದು ನಾವು ಪ್ರೊಸೆಸರುಗಳಿಂದ ಶ್ರಮಪಟ್ಟು ಲೆಕ್ಕ ಹಾಕಿಸುತ್ತಿದ್ದೇವೆ.

ಪೆಟ್ಟಿಗೆಗಳ ವಂಶಾವಳಿಯೂ ಉದ್ದವಾಗಿದೆ. 1980ರ ಸುಮಾರಿನ ಕೊರ್ಗ್ ಸಿಎಕ್ಸ್-3 ಹೊತ್ತೊಯ್ಯಬಹುದಾದ ಗಂಭೀರ ಪ್ರಯತ್ನಗಳಲ್ಲಿ ಒಂದು. ಬಳಿಕ ವೋಚೆ ಕಂಪನಿಯ ಮಾಡ್ಯೂಲುಗಳು, ರೋಲ್ಯಾಂಡ್ ವಿಕೆ-8ಎಂ, ಫೆರೋಫಿಶ್ ಬಿ4000+, ಹ್ಯಾಮಂಡ್ ಹೆಸರಿನಲ್ಲಿಯೇ ಬಂದ ಎಕ್ಸ್‌ಎಂ ಸರಣಿ. ಕಂಪ್ಯೂಟರಿನಲ್ಲಿ ಓಡುವ ಸೆಟ್‌ಬಿಫ್ರೀ ಎಂಬ ಮುಕ್ತ ತಂತ್ರಾಂಶವಿದೆ. ಅದನ್ನು ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಬೋರ್ಡಿಗೆ ಹಾಕಿ ತಮ್ಮದೇ ಮಾಡ್ಯೂಲ್ ಕಟ್ಟಿಕೊಳ್ಳುವವರೂ ಇದ್ದಾರೆ. ಕೈಯಲ್ಲಿ ತಾಳ್ಮೆಯಿದ್ದು ಬೆಸುಗೆ ಬಲ್ಲವರಿಗೆ ಅದು ಒಳ್ಳೆಯ ದಾರಿ, ಡ್ರಾಬಾರ್‌ಗಳನ್ನು ಮಾತ್ರ ಬೇರೆಯಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ.

ಇಷ್ಟಾದರೂ ಮಾಡ್ಯೂಲ್ ಮುಟ್ಟಲಾರದ ಒಂದು ಎಡೆ ಉಳಿದೇ ಇದೆ, ಮತ್ತು ಅದು ಪೆಟ್ಟಿಗೆಯ ಒಳಗಿಲ್ಲ. ನಿಜವಾದ ಲೆಸ್ಲಿ ದನಿಯನ್ನು ಎಲ್ಲ ದಿಕ್ಕಿಗೂ ಎಸೆಯುತ್ತದೆ. ಗೋಡೆ, ಚಾವಣಿ, ಮೂಲೆಗಳಿಂದ ಅದು ಬೇರೆ ಬೇರೆ ಹೊತ್ತಿಗೆ ಮರಳಿ ಬರುತ್ತದೆ, ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಬೇರೆಯದೇ ಕೇಳುತ್ತದೆ. ಮಾಡ್ಯೂಲ್ ಕೊಡುವುದು ಎರಡು ಮೈಕುಗಳು ಒಂದೆಡೆ ನಿಂತು ಕೇಳಿದ ದನಿಯನ್ನು, ಅದೂ ನೇರವಾಗಿ ಮುಂದಕ್ಕೆ ಎಸೆಯುವ ಸ್ಪೀಕರುಗಳ ಮೂಲಕ. ಧ್ವನಿಮುದ್ರಣದಲ್ಲಿ ಈ ಕೊರತೆ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ನಿಜವಾದ ಲೆಸ್ಲಿಯನ್ನೂ ಅಲ್ಲಿ ಮೈಕುಗಳೇ ಕೇಳುತ್ತವೆ. ವೇದಿಕೆಯಲ್ಲಿ ಕೇಳುಗರಿಗೂ ಹೆಚ್ಚು ತಿಳಿಯುವುದಿಲ್ಲ. ತಿಳಿಯುವುದು ಪಕ್ಕದಲ್ಲಿ ಕುಳಿತು ನುಡಿಸುವವನಿಗೆ. ನಾನು ಎರಡು ಸ್ಪೀಕರುಗಳಲ್ಲಿ ಒಂದನ್ನು ಗೋಡೆಯತ್ತ ತಿರುಗಿಸಿ ಇಡುತ್ತೇನೆ, ಅದರಿಂದ ಕೊರತೆ ಅರ್ಧದಷ್ಟು ತುಂಬುತ್ತದೆ. ಜಾಗ ಮತ್ತು ಹೊರುವ ಕೈಗಳಿರುವವರು ಮಾಡ್ಯೂಲಿನ ಲೆಸ್ಲಿಯನ್ನು ಆಫ್ ಮಾಡಿ, ದನಿಯನ್ನು ನೇರವಾಗಿ ನಿಜವಾದ ಲೆಸ್ಲಿ ಪೆಟ್ಟಿಗೆಗೆ ಹಾಯಿಸಬಹುದು. ಆಗ ಚೀಲದಲ್ಲಿ ಹಿಡಿಯುವುದು ಆರ್ಗನ್ ಮಾತ್ರ.